ಮಿದುಳಿನ ನೀರುಗಂಟಿಗಳು

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಮಿದುಳಿನ ಜೀವಕೋಶಗಳ ಮಾತೇಕೆ ಎಂದು ವಾಚಕರು ಕೇಳಬಹುದು. ನಾನು ಇತಿಹಾಸವನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವವಳು. ಸೂಕ್ಷ್ಮದರ್ಶಕವನ್ನು ಪ್ರೌಢಶಾಲೆಯಲ್ಲಿ ಒಮ್ಮೆ ಕಂಡವಳೇ ಹೊರತು ಅದರ ಪರಿಚಯವುಳ್ಳವಳಲ್ಲ. ಆದರೆ ಕಳೆದ ವರ್ಷ ನಮ್ಮ ಮನೆಯಲ್ಲಿ ಒಂದು ಪ್ರಶ್ನೆ ಎದ್ದಿತು. ಅದಕ್ಕೆ ಉತ್ತರ ಸಿಕ್ಕದೆ ಒಂದೂವರೆ ಎಕರೆ ಗದ್ದೆ ಕೈಬಿಡುವ ಸ್ಥಿತಿಗೆ ಬಂದಿತ್ತು. ಆ ಉತ್ತರವನ್ನು ಹುಡುಕುತ್ತ ಹೋದಾಗ ತಿಳಿದುದನ್ನು ಇಲ್ಲಿ ನನ್ನ ಶಕ್ತ್ಯನುಸಾರ ನಿರೂಪಿಸಿದ್ದೇನೆ.

ಪ್ರಶ್ನೆ ಇಷ್ಟೆ: ನಮ್ಮ ದೊಡ್ಡಪ್ಪನವರು ಎದ್ದು ನಡೆದರು, ಚಿಕ್ಕಪ್ಪ ಏಕೆ ಏಳಲಿಲ್ಲ?

೧೯೮೧ರಲ್ಲಿ ದೊಡ್ಡಪ್ಪನವರಿಗೆ ಇಪ್ಪತ್ತಾರು ವರ್ಷ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ. ರಾತ್ರಿ ಪಾಳಿ ಮುಗಿಸಿ ಮನೆಗೆ ಬರುತ್ತಿದ್ದಾಗ ಬೀದಿನಾಯಿಯೊಂದು ಮೀನಖಂಡಕ್ಕೆ ಕಚ್ಚಿತು. ಆ ಕಾಲದ ಪದ್ಧತಿಯಂತೆ ದಿನಕ್ಕೊಂದರಂತೆ ಹೊಟ್ಟೆಗೆ ಹದಿನಾಲ್ಕು ಚುಚ್ಚುಮದ್ದು ಆಗಬೇಕಾಗಿದ್ದಿತು. ಹನ್ನೊಂದನೆಯ ದಿನ ಬೆಳಗ್ಗೆ ಅವರ ಎರಡು ಕಾಲುಗಳೂ ನೆಲಕ್ಕೆ ಊರದಾದವು. ಮೂತ್ರ ಕಟ್ಟಿತು. ಸೊಂಟದಿಂದ ಕೆಳಗೆ ಚಿವುಟಿದರೂ ತಿಳಿಯದು. ನಾಯಿಯ ವಿಷವೇ ಏರಿತೆಂದು ಮನೆಯವರು ಅತ್ತರಂತೆ. ವೈದ್ಯರು ಹಾಗಲ್ಲವೆಂದು ಹೇಳಿ, ಚುಚ್ಚುಮದ್ದನ್ನು ನಿಲ್ಲಿಸಿ ಬೇರೆ ಔಷಧಿ ಕೊಟ್ಟರು. ಒಂದು ತಿಂಗಳಿಗೆ ಹೆಬ್ಬೆರಳು ಅಲುಗಿತು. ಮೂರು ತಿಂಗಳಿಗೆ ಗೋಡೆ ಹಿಡಿದು ನಿಂತರು. ವರ್ಷದೊಳಗೆ ಮತ್ತೆ ಸೈಕಲ್ ಹತ್ತಿ ಕೆಲಸಕ್ಕೆ ಹೋದರು. ಇಂದಿಗೂ ಅವರ ಬಲಗಾಲು ತುಸು ಎಳೆಯುತ್ತದೆ, ಅಷ್ಟೆ.

ಚಿಕ್ಕಪ್ಪನದು ಬೇರೆ ಕಥೆ. ಶಿವಮೊಗ್ಗದಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿದ್ದವರು ೨೦೨೨ರಲ್ಲಿ ಒಂದು ಸಂಜೆ ಲೆಕ್ಕ ಬರೆಯುತ್ತಿದ್ದಂತೆಯೇ ಬಲಕ್ಕೆ ವಾಲಿ ಬಿದ್ದರು. ಲಕ್ವ. ಬಲಗೈಯೂ ಮಾತೂ ಹೋದವು. ಚಿಕಿತ್ಸೆಯಿಂದ ಸ್ವಲ್ಪ ನಡೆಯಬಲ್ಲವರಾದರು; ಕೈ ಬರಲಿಲ್ಲ. ಹೀಗಿರಲು ಕಳೆದ ವರ್ಷ ಒಬ್ಬ ಮಧ್ಯವರ್ತಿ ದೂರದ ಊರಿನ ಚಿಕಿತ್ಸಾಲಯವೊಂದರ ಕರಪತ್ರ ತಂದುಕೊಟ್ಟ. "ವಯಸ್ಕರ ಮಿದುಳಿನಲ್ಲಿ ಮಲಗಿರುವ ಜನಕ ಕೋಶಗಳನ್ನು ಎಬ್ಬಿಸಿ ಮಿದುಳನ್ನು ದುರಸ್ತಿ ಮಾಡಲಾಗುವುದು" ಎಂದು ಅದರಲ್ಲಿತ್ತು. ಮೂರು ಸ್ಟೆಮ್ ಸೆಲ್ ಚುಚ್ಚುಮದ್ದು. ಒಂಬತ್ತು ಲಕ್ಷ ರೂಪಾಯಿ.

"ನಾನು ಎದ್ದೆನಲ್ಲಮ್ಮ, ಅವನೂ ಏಳ್ತಾನೆ. ನಾಲೆ ಕೆಳಗಿನ ಗದ್ದೆ ಹೋದ್ರೆ ಹೋಗ್ಲಿ" ಎಂದರು ದೊಡ್ಡಪ್ಪ. ಅವರ ಮಾತಿಗೆ ಎದುರಾಡುವವರು ನಮ್ಮಲ್ಲಿ ಯಾರೂ ಇಲ್ಲ. ಆದರೆ ಕರಪತ್ರದ ಆ ವಾಕ್ಯ ನಿಜವೇ ಎಂದು ತಿಳಿಯಬೇಕೆಂಬ ಹಟ ನನಗೆ ಹುಟ್ಟಿತು. ಓದುತ್ತ ಹೋದಂತೆ ಅದು ಅರ್ಧ ನಿಜವೆಂದು ಕಂಡಿತು. ಪೂರ್ಣ ಸುಳ್ಳನ್ನು ಗುರುತಿಸುವುದು ಸುಲಭ. ಅರ್ಧ ನಿಜವನ್ನು ಬಿಡಿಸಿ ನೋಡಬೇಕಾಗುತ್ತದೆ.

ಮಿದುಳಿನಲ್ಲಿ ಮುಖ್ಯವಾಗಿ ಎರಡು ಬಗೆಯ ಕೋಶಗಳಿವೆ. ಒಂದು ನರಕೋಶ, ಸಂದೇಶವನ್ನು ಹುಟ್ಟಿಸಿ ಸಾಗಿಸುವುದು ಅದರ ಕೆಲಸ. ೨೦೦೯ರಲ್ಲಿ ಬ್ರೆಜಿಲ್ ದೇಶದ ವಿಜ್ಞಾನಿಗಳು ಎಣಿಸಿದಂತೆ ವಯಸ್ಕನ ಮಿದುಳಿನಲ್ಲಿ ಸುಮಾರು ೮,೬೦೦ ಕೋಟಿ ನರಕೋಶಗಳಿವೆ. ಹೆಚ್ಚುಕಡಮೆ ಅಷ್ಟೇ ಸಂಖ್ಯೆಯಲ್ಲಿ ಇನ್ನೊಂದು ಬಗೆಯ ಕೋಶಗಳಿವೆ. ಇವುಗಳಲ್ಲಿ ಬಹುಪಾಲಿಗೆ ಗ್ಲಿಯಾ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಗ್ಲಿಯಾ ಎಂದರೆ ಅಂಟು. ಹತ್ತೊಂಬತ್ತನೆಯ ಶತಮಾನದ ನಡುವೆ ಜರ್ಮನಿಯ ರುಡಾಲ್ಫ್ ವಿರ್ಖೋ ಈ ಹೆಸರಿಟ್ಟಾಗ, ನರಕೋಶಗಳನ್ನು ಹಿಡಿದಿಡುವ ಅಂಟಿನಂಥ ವಸ್ತು ಇದು ಎಂದೇ ಭಾವಿಸಲಾಗಿದ್ದಿತು. ಮನೆಯ ಗಾರೆಗೆ ಯಾರು ತಾನೆ ಗಮನ ಕೊಡುತ್ತಾರೆ? ಹಾಗೆಯೇ ಗ್ಲಿಯಾ ಬಹುಕಾಲ ಅಲಕ್ಷ್ಯಕ್ಕೆ ಒಳಗಾಯಿತು.

ಅದು ಬರಿಯ ಗಾರೆಯಲ್ಲವೆಂದು ಕ್ರಮೇಣ ತಿಳಿಯಿತು. ಸ್ಪೇನಿನ ಪಿಯೊ ದೆಲ್ ರಿಯೊ ಓರ್ತೆಗಾ ಎಂಬಾತ ೧೯೧೯ರಲ್ಲಿ ಮೈಕ್ರೋಗ್ಲಿಯಾ ಎಂಬ ಕಸ ಗುಡಿಸುವ ಕೋಶಗಳನ್ನೂ, ೧೯೨೧ರಲ್ಲಿ ಆಲಿಗೋಡೆಂಡ್ರೋಗ್ಲಿಯಾ ಎಂಬ ಮತ್ತೊಂದು ಬಗೆಯನ್ನೂ ಬೇರ್ಪಡಿಸಿ ವರ್ಣಿಸಿದ. ಹೆಸರು ನಾಲಗೆಗೆ ಭಾರವಾದುದರಿಂದ ಎರಡನೆಯದನ್ನು ಇಲ್ಲಿ 'ಪೊರೆಕೋಶ' ಎಂದು ಕರೆಯುತ್ತೇನೆ. ಏಕೆಂದರೆ ನರತಂತುವಿನ ಮೇಲೆ ಮಯಲಿನ್ ಎಂಬ ಜಿಡ್ಡಿನ ಪೊರೆಯನ್ನು ಸುತ್ತುವುದೇ ಅದರ ಕೆಲಸ. ವಿದ್ಯುತ್ ತಂತಿಗೆ ರಬ್ಬರಿನ ಹೊದಿಕೆ ಇರುವಂತೆ ನರತಂತುವಿಗೆ ಈ ಪೊರೆ. ಪೊರೆಯುಳ್ಳ ದಪ್ಪ ತಂತುವಿನಲ್ಲಿ ಸಂದೇಶ ಸೆಕೆಂಡಿಗೆ ನೂರು ಮೀಟರು ವೇಗದಲ್ಲಿ ಓಡಬಲ್ಲುದು. ಪೊರೆಯಿಲ್ಲದ ಸಣ್ಣ ತಂತುವಿನಲ್ಲಿ ಸುಮಾರು ಒಂದು ಮೀಟರು. ಇದ್ದ ಪೊರೆ ಹಠಾತ್ತನೆ ಕಳಚಿಬಿದ್ದರೆ ಸಂದೇಶ ದಾರಿಯಲ್ಲೇ ನಿಂತುಹೋಗುವುದುಂಟು.

ದೊಡ್ಡಪ್ಪನವರಿಗೆ ಆದುದು ಇದೇ. ಹುಚ್ಚುನಾಯಿ ರೋಗಕ್ಕೆ ಆಗ ಕೊಡುತ್ತಿದ್ದುದು ಡೇವಿಡ್ ಸೆಂಪಲ್ ಎಂಬ ವೈದ್ಯರು ೧೯೧೧ರಲ್ಲಿ ಕಸೌಲಿಯಲ್ಲಿ ರೂಪಿಸಿದ ಲಸಿಕೆ. ರೋಗಾಣುವನ್ನು ಕುರಿಯ ಮಿದುಳಿನಲ್ಲಿ ಬೆಳೆಸಿ, ಆ ಮಿದುಳನ್ನು ಅರೆದು, ರೋಗಾಣುವನ್ನು ಕೊಂದು ಮದ್ದು ಮಾಡುತ್ತಿದ್ದರು. ರೋಗಾಣುವಿನ ಜೊತೆಗೆ ಕುರಿಯ ಮಯಲಿನ್ನೂ ದೇಹವನ್ನು ಸೇರುತ್ತಿದ್ದಿತು. ಕುರಿಯ ಮಯಲಿನ್ನಿಗೂ ಮನುಷ್ಯನ ಮಯಲಿನ್ನಿಗೂ ಬಹಳ ಹೋಲಿಕೆ. ಹೀಗಾಗಿ ಕೆಲವರಲ್ಲಿ ದೇಹದ ಕಾವಲುಪಡೆ ಪರಕೀಯವೆಂದು ತಿಳಿದು ತನ್ನದೇ ಪೊರೆಯ ಮೇಲೆ ಬೀಳುತ್ತಿದ್ದಿತು. ಅಮೆರಿಕದ ಥಾಮಸ್ ರಿವರ್ಸ್ ೧೯೩೦ರ ದಶಕದಲ್ಲಿ ಕೋತಿಗಳಿಗೆ ಆರೋಗ್ಯವಂತ ಮೊಲದ ಮಿದುಳಿನ ಸಾರವನ್ನೇ ಮತ್ತೆ ಮತ್ತೆ ಚುಚ್ಚಿ ಇಂಥದೇ ರೋಗ ಬರುವುದನ್ನು ತೋರಿಸಿದರು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಮಿದುಳಿನ ಲಸಿಕೆಯಿಂದ ನರಬಾಧೆಗೆ ಒಳಗಾದ ರೋಗಿಗಳ ವಿವರಗಳನ್ನು ೧೯೮೪ರಲ್ಲಿ ಪ್ರಕಟಿಸಿದರು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಆ ಲಸಿಕೆಯ ತಯಾರಿಕೆ ಭಾರತದಲ್ಲಿ ೨೦೦೪ರ ಕೊನೆಗೆ ನಿಂತುಹೋಯಿತು. ಈಗ ತೋಳಿಗೆ ಕೊಡುವ ಲಸಿಕೆಯಲ್ಲಿ ಮಿದುಳಿನ ಅಂಶವಿಲ್ಲ, ಅದಕ್ಕೆ ಹೆದರಬೇಕಾದುದಿಲ್ಲ. ಹುಚ್ಚುನಾಯಿ ರೋಗ ಕಾಣಿಸಿಕೊಂಡ ಮೇಲೆ ಬದುಕುವುದು ಅಪರೂಪದಲ್ಲಿ ಅಪರೂಪ. ಆದುದರಿಂದ ನಾಯಿ ಕಚ್ಚಿದರೆ ಗಾಯವನ್ನು ಸಾಬೂನು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು.

ಹಾಗಾದರೆ ಕಳಚಿದ ಪೊರೆಯನ್ನು ಮತ್ತೆ ಕಟ್ಟಿದವರಾರು? ವಯಸ್ಕರ ಮಿದುಳಿನಲ್ಲಿ ಎಲ್ಲವೂ ಸಾಯಬಹುದು, ಯಾವುದೂ ಮತ್ತೆ ಬೆಳೆಯದು ಎಂಬ ಅಭಿಪ್ರಾಯವನ್ನು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಸ್ಪೇನಿನ ಮಹಾವಿಜ್ಞಾನಿ ರಾಮೋನ್ ಇ ಕಹಾಲ್ ವ್ಯಕ್ತಪಡಿಸಿದ್ದರು. ಆ ಮಾತು ಬಹುಕಾಲ ಶಾಸ್ತ್ರವಾಕ್ಯದಂತೆ ನಡೆಯಿತು. ಆದರೆ ೧೯೬೧ರಲ್ಲಿ ಅಮೆರಿಕದ ಬಂಜ್ ದಂಪತಿಗಳೂ ಅವರ ಸಂಗಡಿಗರೂ ವಯಸ್ಕ ಬೆಕ್ಕಿನ ಬೆನ್ನುಹುರಿಯಲ್ಲಿ ಪೊರೆ ಕಳಚುವಂತೆ ಮಾಡಿ, ಕೆಲವು ವಾರಗಳ ಮೇಲೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ತಂತುಗಳ ಮೇಲೆ ತೆಳ್ಳಗಿನ ಹೊಸ ಪೊರೆ ಸುತ್ತಿತ್ತು! ಮಿದುಳೂ ಬೆನ್ನುಹುರಿಯೂ ಒಂದೇ ವ್ಯವಸ್ಥೆ. ಒಂದರಲ್ಲಿ ನಡೆಯಬಲ್ಲುದು ಇನ್ನೊಂದರಲ್ಲಿಯೂ ನಡೆಯಬಹುದು. ಹೊಸ ಪೊರೆ ಸುತ್ತಿದ ತಂತುವಿನಲ್ಲಿ ಸಂದೇಶ ಮತ್ತೆ ಸಾಗುತ್ತದೆಂದು ೧೯೭೯ರಲ್ಲಿ ಇಂಗ್ಲೆಂಡಿನ ಸಂಶೋಧಕರು ತೋರಿಸಿದರು.

ಪೊರೆಯನ್ನು ಕಟ್ಟುವ ಹೊಸ ಕೋಶ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಉಳಿಯಿತು. ೧೯೮೩ರಲ್ಲಿ ಲಂಡನ್ನಿನ ಮಾರ್ಟಿನ್ ರಾಫ್, ರಾಬರ್ಟ್ ಮಿಲ್ಲರ್, ಮಾರ್ಕ್ ನೋಬಲ್ ಎಂಬ ಮೂವರು ಎಳೆಯ ಇಲಿಯ ಕಣ್ಣಿನ ನರದಿಂದ ಒಂದು ಕೋಶವನ್ನು ತೆಗೆದು ಗಾಜಿನ ತಟ್ಟೆಯಲ್ಲಿ ಬೆಳೆಸಿದರು. ಅದು ತಾನು ಪೊರೆಕೋಶವಲ್ಲ. ಆದರೆ ಒಡೆದು ವೃದ್ಧಿಯಾಗಿ ಪೊರೆಕೋಶಗಳಿಗೆ ಜನ್ಮ ಕೊಡಬಲ್ಲುದು. ಇದೇ ಗ್ಲಿಯಾ ಜನಕ ಕೋಶ. ಇನ್ನು ಮೂರು ವರ್ಷಗಳಲ್ಲಿ ಬೆಳೆದ ಇಲಿಯ ಕಣ್ಣಿನ ನರದಲ್ಲಿಯೂ ಅಂಥವು ಉಂಟೆಂದು ತಿಳಿಯಿತು. ಈಗ ತಿಳಿದಿರುವಂತೆ, ಬೆಳೆದ ಮಿದುಳಿನ ಎಲ್ಲೆಡೆಯೂ ಅವು ಹರಡಿಕೊಂಡಿವೆ. ನೂರು ಕೋಶಗಳಲ್ಲಿ ಸುಮಾರು ಐದರಿಂದ ಎಂಟು ಅವೇ.

ನಮ್ಮ ಭಾಗದವರಿಗೆ ಇದನ್ನು ವಿವರಿಸಲು ಭದ್ರಾ ನಾಲೆಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ನರತಂತು ನಾಲೆಯಾದರೆ ಸಂದೇಶವೇ ನೀರು. ನಾಲೆಯ ಒಳಗೋಡೆಗೆ ಹಾಕಿದ ಗಾರೆಯೇ ಮಯಲಿನ್. ಗಾರೆ ಕಿತ್ತುಹೋದಲ್ಲಿ ನೀರು ಜಿನುಗಿ ಇಂಗಿ ಕೊನೆಯ ಗದ್ದೆಯನ್ನು ಮುಟ್ಟದು. ನಾಲೆಯ ಉದ್ದಕ್ಕೂ ನೀರುಗಂಟಿಗಳಿರುತ್ತಾರಲ್ಲವೇ? ಪ್ರತಿಯೊಬ್ಬನಿಗೂ ತನ್ನ ಪಾಲಿನ ಏರಿ. ಜನಕ ಕೋಶಗಳೂ ಹಾಗೆಯೇ. ೨೦೧೩ರಲ್ಲಿ ಅಮೆರಿಕದ ವಿಜ್ಞಾನಿಗಳು ಬದುಕಿರುವ ಇಲಿಯ ಮಿದುಳಿನಲ್ಲಿ ಇವನ್ನು ದಿನದಿನವೂ ನೋಡಿದರು. ಪ್ರತಿ ಕೋಶವೂ ಸಣ್ಣ ಬಾಹುಗಳನ್ನು ಚಾಚಿ ಸುತ್ತಲೂ ತಡವುತ್ತದೆ; ಪಕ್ಕದ ಕೋಶದ ಬಾಹು ತಗುಲಿದರೆ ಹಿಂದೆಗೆಯುತ್ತದೆ. ಒಂದು ಸತ್ತರೆ, ಅಥವಾ ಪೊರೆಕೋಶವಾಗಿ ಮಾರ್ಪಟ್ಟರೆ, ನೆರೆಯದು ಒಡೆದು ಎರಡಾಗಿ ಆ ತೆರವನ್ನು ತುಂಬುತ್ತದೆ. ಆದುದರಿಂದ 'ಮಲಗಿರುವ ಕೋಶಗಳು' ಎಂಬ ಕರಪತ್ರದ ಮಾತೇ ಸರಿಯಲ್ಲ. ಅವು ಕಾವಲಿನಲ್ಲಿರುತ್ತವೆ. ನರಕೋಶಗಳು ಇವುಗಳ ಜೊತೆ ನೇರವಾಗಿ ಸಂದೇಶದ ಸಂಪರ್ಕ ಇಟ್ಟುಕೊಂಡಿವೆ ಎಂಬ ಆಶ್ಚರ್ಯಕರ ಸಂಗತಿಯೂ ೨೦೦೦ದಲ್ಲಿ ಬೆಳಕಿಗೆ ಬಂದಿತು. ನೀರುಗಂಟಿ ನೀರಿನ ಸದ್ದು ಕೇಳಿಯೇ ಹರಿವನ್ನು ತಿಳಿಯುವಂತೆ!

ಪೊರೆ ಹಾಳಾದಾಗ ಕೆಲಸ ಒಂದು ಕ್ರಮದಲ್ಲಿ ನಡೆಯಬೇಕು. ಮೊದಲು ಮೈಕ್ರೋಗ್ಲಿಯಾ ಮುಂತಾದ ಕೋಶಗಳು ಬಂದು ಒಡೆದ ಮಯಲಿನ್ನಿನ ಚೂರುಗಳನ್ನು ನುಂಗಿ ಜಾಗವನ್ನು ಶುಚಿ ಮಾಡಬೇಕು. ಕಸ ಉಳಿದರೆ ಜನಕ ಕೋಶ ಮುಂದುವರಿಯದು. ಅನಂತರ ನೆರೆಯ ಜನಕ ಕೋಶಗಳು ಒಡೆದು ಹೆಚ್ಚುತ್ತವೆ, ಗಾಯದೊಳಕ್ಕೆ ಸರಿಯುತ್ತವೆ. ಕೊನೆಗೆ ರೂಪ ಬದಲಿಸಿ ಪೊರೆಕೋಶಗಳಾಗಿ, ಬರಿದಾದ ತಂತುಗಳನ್ನು ಹುಡುಕಿ ಸುತ್ತುತ್ತವೆ. ಹೊಸ ಪೊರೆ ಮೊದಲಿನಷ್ಟು ದಪ್ಪವಿರದು; ಆದರೆ ಸಂದೇಶ ದಾಟಲು ಸಾಕು. ಅಮೆರಿಕದ ಇಯಾನ್ ಡಂಕನ್ ೨೦೦೯ರಲ್ಲಿ ವರದಿ ಮಾಡಿದ ಬೆಕ್ಕುಗಳ ವೃತ್ತಾಂತ ಇದಕ್ಕೆ ಒಳ್ಳೆಯ ನಿದರ್ಶನ. ವಿಕಿರಣ ಹಾಯಿಸಿದ ಆಹಾರವನ್ನು ತಿಂಗಳುಗಟ್ಟಲೆ ತಿಂದ ಬೆಕ್ಕುಗಳ ಪೊರೆ ವಿಪರೀತವಾಗಿ ಕಳಚಿ ಕಾಲುಗಳು ಸೋತವು. ಮಾಮೂಲಿನ ಆಹಾರ ಕೊಟ್ಟ ಮೇಲೆ ಅವು ಮೆಲ್ಲಮೆಲ್ಲನೆ ಚೇತರಿಸಿಕೊಂಡವು. ಬೆನ್ನುಹುರಿಯನ್ನು ಪರೀಕ್ಷಿಸಿದಾಗ ತಂತುಗಳ ಮೇಲೆಲ್ಲ ತೆಳು ಪೊರೆ!

ದೊಡ್ಡಪ್ಪನವರಲ್ಲಿಯೂ ಇಂಥದೇನೋ ನಡೆದಿರಬೇಕೆಂದು ನಾನು ತಿಳಿಯುತ್ತೇನೆ. ಮೊದಲ ವಾರಗಳ ಚೇತರಿಕೆ ಬಾವು ಇಳಿದುದರಿಂದ ಆಗಿರಬಹುದು. ತಿಂಗಳುಗಟ್ಟಲೆ ನಿಧಾನವಾಗಿ ಬಂದುದರಲ್ಲಿ ಹೊಸ ಪೊರೆಯ ಪಾಲಿದ್ದೀತು. ಅವರ ತಂತುಗಳು ಬಹುಮಟ್ಟಿಗೆ ಉಳಿದಿದ್ದವು; ಹೋದುದು ಹೊದಿಕೆ. ಎಳೆಯುವ ಬಲಗಾಲು, ಕೆಲವು ತಂತುಗಳು ಸತ್ತವೆಂಬುದಕ್ಕೆ ಗುರುತು.

ಈ ದುರಸ್ತಿಗೆ ಮಿತಿಗಳಿವೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ರೋಗದಲ್ಲಿ ಪೊರೆ ಮತ್ತೆ ಮತ್ತೆ ಕಳಚುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಇದು ಹೆಚ್ಚು. ಮಂಗಳೂರು ನಗರದಲ್ಲಿ ನಡೆದು ೨೦೧೪ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ನಮ್ಮಲ್ಲಿ ಲಕ್ಷಕ್ಕೆ ಸುಮಾರು ಎಂಟು ಮಂದಿಗೆ ಉಂಟು. ಇಂಥ ರೋಗಿಗಳ ಹಳೆಯ ಗಾಯಗಳಲ್ಲಿ ಜನಕ ಕೋಶಗಳು ಬಂದು ನಿಂತಿದ್ದರೂ ಪೊರೆಕೋಶಗಳಾಗಿ ಮಾರ್ಪಡದೆ ಇರುವುದನ್ನು ೧೯೯೮ರಿಂದ ಈಚೆಗೆ ಕಂಡಿದ್ದಾರೆ. ವಯಸ್ಸಾದಂತೆ ಈ ಕೋಶಗಳು ಜಡವಾಗುತ್ತವೆ. ೨೦೧೯ರಲ್ಲಿ ಕೇಂಬ್ರಿಜಿನ ವಿಜ್ಞಾನಿಗಳು ಮುದಿ ಇಲಿಗಳಿಗೆ ಒಂದು ದಿನ ಬಿಟ್ಟು ಒಂದು ದಿನ ಉಪವಾಸ ಮಾಡಿಸಿ, ಅಥವಾ ಸಕ್ಕರೆ ರೋಗದ ಮೆಟ್‌ಫಾರ್ಮಿನ್ ಕೊಟ್ಟು, ಅವುಗಳ ಜನಕ ಕೋಶಗಳು ಮತ್ತೆ ಚುರುಕಾದುದನ್ನು ತೋರಿಸಿದರು. ಆದರೆ ಅದು ಇಲಿಗಳ ಮಾತು. ಕ್ಲೆಮಾಸ್ಟೀನ್ ಎಂಬ ಹಳೆಯ ಅಲರ್ಜಿ ಮದ್ದನ್ನು ಐವತ್ತು ಮಂದಿ ರೋಗಿಗಳಲ್ಲಿ ಪರೀಕ್ಷಿಸಿದ ಫಲ ೨೦೧೭ರಲ್ಲಿ ಪ್ರಕಟವಾಯಿತು. ಕಣ್ಣಿನಿಂದ ಮಿದುಳಿಗೆ ಹೋಗುವ ಸಂದೇಶ ಸೆಕೆಂಡಿನ ಸಾವಿರದ ಒಂದೆರಡು ಭಾಗದಷ್ಟು ಬೇಗ ತಲಪಿತು, ಗೆಲುವು ಸಣ್ಣದು. ಮುಂದೆ ಬೇರೊಂದು ಪರೀಕ್ಷೆಯಲ್ಲಿ ಕೆಲವು ರೋಗಿಗಳ ಸ್ಥಿತಿ ಕೆಡತೊಡಗಿದ್ದರಿಂದ ಆ ಮದ್ದನ್ನು ನಿಲ್ಲಿಸಬೇಕಾಯಿತು. ಜನಕ ಕೋಶಗಳನ್ನು ಪ್ರಚೋದಿಸಿ ಪೊರೆ ಕಟ್ಟಿಸುವುದಕ್ಕೆಂದು ಅಂಗೀಕೃತವಾದ ಔಷಧಿ ಇನ್ನೂ ಇಲ್ಲ.

ಇನ್ನೂ ಒಂದು ತೊಡಕುಂಟು. ೧೯೫೦-೬೦ರ ದಶಕಗಳ ಅಣುಬಾಂಬು ಪರೀಕ್ಷೆಗಳಿಂದ ಗಾಳಿಯಲ್ಲಿ ಒಂದು ಬಗೆಯ ಇಂಗಾಲ ಹೆಚ್ಚಿತು. ಅದರ ಗುರುತು ಆಗ ಹುಟ್ಟಿದ ಕೋಶಗಳಲ್ಲಿ ಉಳಿಯಿತು. ಸ್ವೀಡನ್ನಿನ ವಿಜ್ಞಾನಿಗಳು ಅದನ್ನಳೆದು ಮನುಷ್ಯನ ಪೊರೆಕೋಶಗಳ ವಯಸ್ಸನ್ನು ಕಂಡುಹಿಡಿದರು. ಆರೋಗ್ಯವಂತ ವಯಸ್ಕನ ಮಿದುಳಿನ ಬಿಳಿಯ ಭಾಗದಲ್ಲಿ ವರ್ಷಕ್ಕೆ ಮುನ್ನೂರರಲ್ಲಿ ಒಂದು ಪೊರೆಕೋಶ ಮಾತ್ರ ಹೊಸದು. ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳಲ್ಲಿ ದುರಸ್ತಿಯಾದಂತೆ ಕಾಣುವ ಜಾಗಗಳ ಪೊರೆಕೋಶಗಳೂ ಹೊಸವಲ್ಲ, ಹಳೆಯವೇ ಎಂದು ಅವರು ೨೦೧೯ರಲ್ಲಿ ವರದಿ ಮಾಡಿದರು. ಎಂದರೆ ಬದುಕುಳಿದ ಹಳೆಯ ಕೋಶಗಳೂ ಮತ್ತೆ ಪೊರೆ ಸುತ್ತುತ್ತಿರಬಹುದು. ಇಲಿಯಲ್ಲಿ ನಡೆಯುವುದೆಲ್ಲ ನಮ್ಮಲ್ಲಿಯೂ ಹಾಗೆಯೇ ನಡೆಯುತ್ತದೆಂದು ಹೇಳುವಂತಿಲ್ಲ. ವಿದ್ವಾಂಸರಲ್ಲಿ ಈ ಚರ್ಚೆ ಇನ್ನೂ ಮುಗಿದಿಲ್ಲ.

ಈಗ ಚಿಕ್ಕಪ್ಪನ ವಿಷಯ. ಲಕ್ವದಲ್ಲಿ ರಕ್ತ ನಿಂತ ಜಾಗದ ನರಕೋಶಗಳೇ ಸಾಯುತ್ತವೆ. ಅವುಗಳ ತಂತುಗಳೂ ಜೊತೆಗೆ ಹೋಗುತ್ತವೆ. ಗಾರೆ ಕಿತ್ತುದಲ್ಲ, ನಾಲೆಯೇ ಕೊಚ್ಚಿಹೋದುದು. ನೀರುಗಂಟಿ ಎಷ್ಟೇ ನಿಷ್ಠನಾಗಿದ್ದರೂ ಅಣೆಕಟ್ಟನ್ನೂ ನಾಲೆಯನ್ನೂ ಹೊಸದಾಗಿ ಕಟ್ಟಬಲ್ಲನೇ? ಜನಕ ಕೋಶಗಳು ಅಲ್ಲಿಗೂ ಧಾವಿಸುತ್ತವೆ. ಗಾಯದ ಅಂಚಿನಲ್ಲಿ ಉಳಿದ ತಂತುಗಳಿಗೆ ನೆರವಾಗಬಹುದು. ನಡುವೆ ಸುತ್ತಲು ತಂತುವೇ ಇಲ್ಲ. ಲಕ್ವದ ಬಳಿಕ ಬರುವ ಚೇತರಿಕೆ ಬಹುಮಟ್ಟಿಗೆ, ಉಳಿದ ನರಕೋಶಗಳು ಹೊಸ ಸಂಪರ್ಕಗಳನ್ನು ಬೆಳೆಸಿಕೊಂಡು ಕಳೆದುಹೋದವುಗಳ ಕೆಲಸವನ್ನು ಕಲಿಯುವುದರಿಂದ. ಕಲಿಕೆಗೆ ಅಭ್ಯಾಸ ಬೇಕು. ಆರೋಗ್ಯವಂತ ಇಲಿಗಳು ವಿಚಿತ್ರ ಅಂತರದ ಅಡ್ಡಕಂಬಿಗಳಿರುವ ಚಕ್ರದಲ್ಲಿ ಓಡಲು ಕಲಿಯುವಾಗ ಹೊಸ ಪೊರೆಕೋಶಗಳು ಬೇಕಾಗುತ್ತವೆಂದು ೨೦೧೪ರಲ್ಲಿ ಲಂಡನ್ನಿನಲ್ಲಿ ಕಂಡುಬಂದಿತು. ಹೊಸವು ಹುಟ್ಟದಂತೆ ತಡೆದರೆ ಇಲಿಗಳು ಚೆನ್ನಾಗಿ ಕಲಿಯಲಿಲ್ಲ. ಆದುದರಿಂದ ದಿನವೂ ಕೈಯನ್ನು ಆಡಿಸುವುದು ಬರಿಯ ಸ್ನಾಯುವಿನ ವ್ಯಾಯಾಮವಲ್ಲ, ಮಿದುಳಿನ ವ್ಯಾಯಾಮ.

ಸ್ಟೆಮ್ ಸೆಲ್ ಚುಚ್ಚುಮದ್ದಿನ ಬಗೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯೂ ಜೈವಿಕ ತಂತ್ರಜ್ಞಾನ ಇಲಾಖೆಯೂ ೨೦೧೭ರಲ್ಲಿ ಹೊರಡಿಸಿದ ಮಾರ್ಗಸೂಚಿ ಸ್ಪಷ್ಟವಾಗಿದೆ. ರಕ್ತ ಸಂಬಂಧದ ಕೆಲವು ರೋಗಗಳಿಗೆ ಮಾಡುವ ಅಸ್ಥಿಮಜ್ಜೆಯ ಕಸಿಯಂಥ ಚಿಕಿತ್ಸೆಯನ್ನು ಬಿಟ್ಟರೆ, ಉಳಿದೆಲ್ಲವೂ ಅನುಮತಿ ಪಡೆದ ಪ್ರಯೋಗದೊಳಗೆ ಮಾತ್ರ ನಡೆಯಬೇಕು. ಪ್ರಯೋಗಕ್ಕೆ ಒಡ್ಡಿಕೊಳ್ಳುವ ರೋಗಿಯಿಂದ ಹಣ ವಸೂಲು ಮಾಡುವಂತಿಲ್ಲ. ಹಾಗಾದರೆ ಒಂಬತ್ತು ಲಕ್ಷ ಯಾವುದಕ್ಕೆ?

ಇದನ್ನೆಲ್ಲ ಒಂದು ಭಾನುವಾರ ದೊಡ್ಡಪ್ಪನವರ ಮುಂದೆ ಹೇಳಿದೆ. ಹಾಳೆಯ ಮೇಲೆ ನಾಲೆಯ ಚಿತ್ರ ಬರೆದು ತೋರಿಸಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಹಂಗಾದ್ರೆ ನಂದು ಗಾರೆ ಕಿತ್ತಿತ್ತು, ಅವಂದು ನಾಲೆನೇ ಒಡೀತು ಅನ್ನು" ಎಂದರು. "ಹೌದು ದೊಡ್ಡಪ್ಪ" ಎಂದೆ. "ದೇವರು ನಂಗೊಂದು ನ್ಯಾಯ, ಅವನಿಗೊಂದು ನ್ಯಾಯ ಮಾಡಿದ ಅಂತಿದ್ದೆ" ಎಂದು ಎದ್ದು ಒಳಗೆ ಹೋದರು.

ಗದ್ದೆಯನ್ನು ಮಾರಲಿಲ್ಲ. ಮಾರದೆ ತಪ್ಪು ಮಾಡಿದೆವೋ ಎಂಬ ಅಳುಕು ಚಿಕ್ಕಮ್ಮನವರಿಗೆ ಇನ್ನೂ ಪೂರ್ಣವಾಗಿ ಹೋಗಿಲ್ಲ. ಚಿಕ್ಕಪ್ಪನ ಕೈಯನ್ನು ನೋಡಿದಾಗಲೆಲ್ಲ ನನಗೂ ಬೇಸರವಾಗುತ್ತದೆ. ಈಗ ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ದೊಡ್ಡಪ್ಪನವರೇ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೋಗಿ ತಮ್ಮನನ್ನು ವ್ಯಾಯಾಮ ಮಾಡಿಸುವಲ್ಲಿಗೆ ಕರೆದೊಯ್ಯುತ್ತಾರೆ. ಎಳೆಯುವ ಬಲಗಾಲಿನ ಅಣ್ಣ, ಏಳದ ಬಲಗೈಯ ತಮ್ಮ. ಹೋದ ತಿಂಗಳು ಚಿಕ್ಕಪ್ಪ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದು ಅಡಿಕೆಯನ್ನು ಹಿಡಿದರು. ಎರಡೇ ಕ್ಷಣ ಹಿಡಿದು ಬೀಳಿಸಿದರು. ದೊಡ್ಡಪ್ಪ ಅದನ್ನು ಹೆಕ್ಕಿ ಮತ್ತೆ ಅವರ ಅಂಗೈಯಲ್ಲಿಟ್ಟರು.